ಗರಗದ ಸೊಪ್ಪು ಬಳಿದ ಗೋಡೆ

ಮೊನ್ನೆ ಕುಮಾರಸ್ವಾಮಿ ಲೇಔಟಿನ ಅಂಗಡಿಯೊಂದರಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸೀಸೆ ತೆರೆದು ಮೂಗಿಗೆ ಹಿಡಿದೆ. ಹಸಿಹಸಿಯಾದ, ತುಸು ಕಹಿಯಾದ, ಕೆರೆಯಂಚಿನ ಕೆಸರು ಬೆರೆತಂಥ ವಾಸನೆ. "ಭೃಂಗರಾಜ ಆಂಟಿ, ಕೂದಲಿಗೆ ಸಖತ್ ಒಳ್ಳೇದು" ಎಂದಳು ಅಂಗಡಿಯ ಹುಡುಗಿ. ಅಯ್ಯೋ, ಇದಕ್ಕೆ ಇಷ್ಟು ದೊಡ್ಡ ಹೆಸರೇ! ನಮ್ಮ ಹೊಸಕೆರೆಹಳ್ಳಿಯಲ್ಲಿ ಇದು ಬರೀ ಗರಗದ ಸೊಪ್ಪು. ಕೆರೆಯ ಬದಿಯಲ್ಲಿ ಕೇಳುವವರಿಲ್ಲದೆ ಬೆಳೆದುಕೊಂಡಿರುತ್ತಿತ್ತು. ಕೂದಲಿಗೆ ಹಚ್ಚಿದ್ದು ನನಗೆ ನೆನಪಿಲ್ಲ. ನಾವು ಅದನ್ನು ಬಳಿದದ್ದು ಗೋಡೆಗೆ. ಸೀಸೆ ಕೈಯಲ್ಲಿ ಹಿಡಿದು ಅಂಗಡಿಯ ನಡುವೆ ನಿಂತೇಬಿಟ್ಟೆ. ಎಂಬತ್ತರ ದಶಕದ ಆ ನಾಡಹೆಂಚಿನ ಮನೆ, ಅದರ ನಡುಮನೆಯ ಕರೀ ಗೋಡೆ, ಗೋಡೆಯ ಮುಂದೆ ಬೆತ್ತದ ಬದಲು ಸೌಟು ಹಿಡಿದು ನಿಂತ ನನ್ನಕ್ಕ ರತ್ನ, ಎಲ್ಲ ಒಟ್ಟಿಗೆ ಬಂದವು.

ಅಪ್ಪ ಗಾರೆ ಕೆಲಸದ ಮೇಸ್ತ್ರಿ, ಹೆಸರು ಮುನಿಯಪ್ಪ. ಜಯನಗರದ ಎಷ್ಟೋ ಮನೆಗಳ ಗೋಡೆ ಅವನ ಕರಣೆ ತಾಗಿ ನುಣುಪಾದವು. ಗೃಹಪ್ರವೇಶದ ಊಟ ಮುಗಿದ ಮೇಲೆ ಆ ಮನೆಗಳ ಒಳಗೆ ಅವನು ಮತ್ತೆ ಕಾಲಿಟ್ಟದ್ದಿಲ್ಲ. ಅಕ್ಕನಿಗೆ ಟೀಚರಾಗುವ ಟಿ.ಸಿ.ಎಚ್. ಓದಿಗೆ ಸೀಟು ಸಿಕ್ಕಿ, ಬಸವನಗುಡಿ ಕಡೆಯ ಟ್ರೈನಿಂಗ್ ಸ್ಕೂಲಿಗೆ ಅವಳು ಹೋಗತೊಡಗಿದ ವಾರವೇ, ಅಪ್ಪ ನಮ್ಮ ಮಣ್ಣಿನ ಗೋಡೆಯ ಮೇಲೆ ಸಿಮೆಂಟಿನ ಗಾರೆ ಎಳೆದ. ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಒಣಗಿದ ಮೇಲೆ ಇದ್ದಿಲು ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನಾನು ಉಡಿಯ ತುಂಬ ಕಿತ್ತು ತಂದ ಗರಗದ ಸೊಪ್ಪಿನ ರಸದಲ್ಲಿ ಕಲಸಿ, ಅಂಗೈಯಲ್ಲೇ ಉಜ್ಜಿದ. ಮೂರು ದಿನ ಅವನ ಅಂಗೈ ಕಪ್ಪಾಗಿಯೇ ಇತ್ತು, ಅದೇ ಕೈಯಲ್ಲಿ ಮುದ್ದೆ ಮುರಿದು ತಿಂದ. ಅಕ್ಕ ಮರುದಿನದ ಪಾಠವನ್ನು ಹಿಂದಿನ ಸಂಜೆ ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಳು. ನಾನು ಮತ್ತು ಅಮ್ಮ ಚಾಪೆಯ ಮೇಲೆ ವಿದ್ಯಾರ್ಥಿಗಳು. ಅಪ್ಪ ಹಿಂದಿನ ಗೋಡೆಗೆ ಒರಗಿ ಕೂತ ಇನ್ಸ್‌ಪೆಕ್ಟರು. ಅವನಿಗೆ ಓದು ಬರಹ ಬಾರದು, ಆದರೆ ಒಂದು ಸಂಗತಿ ಮಾತ್ರ ಹಿಡಿದುಕೊಂಡಿದ್ದ. ಪಾಠ ಮುಗಿಸಿದವರು ಬೋರ್ಡು ಒರೆಸಿಯೇ ಹೊರಗೆ ಹೋಗಬೇಕು, ಇಲ್ಲದಿದ್ದರೆ ಟ್ರೈನಿಂಗಿನಲ್ಲಿ ಮಾರ್ಕ್ಸು ಕಳೆಯುತ್ತಾರೆ ಎಂದು ಅಕ್ಕ ಒಮ್ಮೆ ಹೇಳಿದ್ದಳು. ಅವಳು ಸೌಟು ಕೆಳಗಿಟ್ಟಳೋ ಇಲ್ಲವೋ, ಹಿಂದಿನಿಂದ ದನಿ ಬರುತ್ತಿತ್ತು: "ಮೇಡಮ್ಮೋರೇ, ಬೋರ್ಡ್ ಒರೆಸ್ಲಿಲ್ಲ!"

ಓದುವ ಹುಡುಗಿಗೆ ಸರ್ಕಾರವೇ ತಿಂಗಳು ತಿಂಗಳು ಸ್ಟೈಫಂಡು ಕೊಡುತ್ತದೆ ಎಂಬ ಸುದ್ದಿ ಅಕ್ಕ ತಂದ ದಿನ ಅಮ್ಮ ನಂಬಲಿಲ್ಲ. "ಸುಮ್ನಿರೇ, ಓದಿದ್ರೆ ನಾವು ಫೀಸ್ ಕಟ್ಬೇಕು. ಅವರ್ಯಾಕೆ ಕೊಡ್ತಾರೆ?" ಎಂದಳು. "ನಾಳೆ ನಾನು ಊರಿನ್ ಮಕ್ಕಳಿಗೆಲ್ಲ ಕಲಿಸ್ತೀನಲ್ಲಮ್ಮ, ಅದಕ್ಕೆ" ಎಂದಳು ಅಕ್ಕ. ಅಮ್ಮನ ಕೈ ಊದುಬತ್ತಿ ಹೊಸೆಯುವ ಮಣೆಯ ಮೇಲೆ ನಿಂತುಹೋಯಿತು. ವಿಧಾನಸೌಧವನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಅಷ್ಟು ದೊಡ್ಡ ಕಟ್ಟಡದಲ್ಲಿ ಯಾರೋ ಕೂತು ಹೊಸಕೆರೆಹಳ್ಳಿಯ ರತ್ನ ಎಂದು ಬರೆಯುತ್ತಾರಲ್ಲ! ಆದರೆ ಆ ಹಣ ನಮಗೆ ಬರೀ ಸೋಜಿಗವಾಗಿರಲಿಲ್ಲ. ಅಕ್ಕ ಅಮ್ಮನ ಜೊತೆ ಕೂತು ದಿನವೆಲ್ಲ ಊದುಬತ್ತಿ ಹೊಸೆದರೇ ಮನೆ ನಡೆಯುತ್ತಿದ್ದದ್ದು. ಸ್ಟೈಫಂಡು ಬಂದರೆ ಅವಳು ಟ್ರೈನಿಂಗಿಗೆ, ಬಾರದಿದ್ದರೆ ಮತ್ತೆ ಮಣೆಯ ಮುಂದಕ್ಕೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅರ್ಜಿಗೆ ಅಪ್ಪನ ವರಮಾನದ ಸರ್ಟಿಫಿಕೇಟು ಬೇಕಿತ್ತು. ಊರಿನ ಚಾವಡಿಯ ಜಗಲಿಯಲ್ಲಿ ಸೋಮವಾರ ಸೋಮವಾರ ವಿಲೇಜ್ ಅಕೌಂಟೆಂಟರು ಬಂದು ಕೂರುತ್ತಿದ್ದರು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಅಲ್ಲಿ ಆಗಲೇ ಒಬ್ಬ ಸ್ಕೂಟರಿನ ಯಜಮಾನರು ತಮ್ಮ ಸೈಟಿನ ಖಾತೆಗಾಗಿ ಕಾದು ನಿಂತಿದ್ದರು. ಬನಶಂಕರಿಯಲ್ಲಿ ಮನೆ ಕಟ್ಟಿಸಲು ಹೊರಟಿದ್ದವರು, ಆ ಕೆಲಸ ಅಪ್ಪನಿಗೇ ಬರುವುದರಲ್ಲಿತ್ತು. ಅಕೌಂಟೆಂಟರು ಎಲ್ಲರೆದುರಿಗೆ, "ತಿಂಗಳಿಗೆ ಎಷ್ಟು ಬರುತ್ತಪ್ಪಾ ಮೇಸ್ತ್ರಿ?" ಎಂದು ಕೇಳಿಬಿಟ್ಟರು. ಕೈ ಖಾಲಿ ಇರುವ ಮೇಸ್ತ್ರಿಗೆ ಯಾರೂ ಕಾಂಟ್ರಾಕ್ಟು ಕೊಡುವುದಿಲ್ಲ. ಅಡ್ವಾನ್ಸು ನುಂಗಿ ಓಡಿಹೋಗುತ್ತಾನೆಂಬ ಭಯ. ಅಪ್ಪ ಎದೆ ಸೆಟೆಸಿ, "ನಮಗೇನ್ ಸಾ ಕಮ್ಮಿ! ವರ್ಷವೆಲ್ಲ ಕೆಲಸ" ಎಂದು ಹತ್ತು ಮೇಸ್ತ್ರಿಗಳು ಕೂಡಿ ದುಡಿಯುವಷ್ಟನ್ನು ಹೇಳಿದ. ಅವರು ಹಾಗೇ ಬರೆದು ಸೀಲು ಒತ್ತಿದರು. ಅಪ್ಪ ಆ ಕಾಗದವನ್ನು ಮಡಿಕೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ತಂದ.

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು. "ಅಪ್ಪಾ, ಇಷ್ಟು ವರಮಾನ ಇರೋರಿಗೆ ಸ್ಟೈಫಂಡ್ ಕೊಡಲ್ಲ" ಎಂದಷ್ಟೇ ಹೇಳಿ ಕಾಗದವನ್ನು ಅವನ ಕೈಗೇ ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅರ್ಜಿಗೆ ಕಡೇ ದಿನ ಮುಂದಿನ ಮಂಗಳವಾರ. ಆ ವಾರ ಪಾಠ ನಡೆಯಲಿಲ್ಲ. ಸಂಜೆಯಾದರೆ ಅಕ್ಕ ಮಣೆಯ ಮುಂದೆ ಕೂತು ಊದುಬತ್ತಿ ಹೊಸೆದಳು. ಅಪ್ಪ ಕರೀ ಗೋಡೆಯ ಕಡೆ ಬೆನ್ನು ಮಾಡಿ ಉಂಡ. ಸೋಮವಾರ ಕೆಲಸಕ್ಕೆ ಹೋಗದೆ, ಒಗೆದ ಅಂಗಿ ತೊಟ್ಟು, "ಬಾ ಪುಟ್ಟಿ" ಎಂದ.

ನಮ್ಮ ಗ್ರಹಚಾರ ನೋಡಿ, ಖಾತೆ ಇನ್ನೂ ಆಗದ ಆ ಸ್ಕೂಟರಿನ ಯಜಮಾನರು ಅವತ್ತೂ ಅಲ್ಲೇ ನಿಂತಿದ್ದರು. ಅವರು ಹೋಗಲಿ ಎಂದು ಅಪ್ಪ ಹುಣಸೆ ಮರದ ಕೆಳಗೆ ಕಾದ. ಒಂದು ಬೀಡಿ ಸೇದಿದ, ಇನ್ನೊಂದನ್ನು ಹಚ್ಚಲಿಲ್ಲ. ಅಕೌಂಟೆಂಟರು ಕಾಗದ ಕಟ್ಟಿ ಚೀಲಕ್ಕೆ ತುಂಬತೊಡಗಿದರು. ನಾನು ಅಂಗಿ ಜಗ್ಗಿದೆ. ಅಪ್ಪ ಚಪ್ಪಲಿ ಬಿಟ್ಟು ಜಗಲಿಯ ಹತ್ತಿರ ಹೋಗಿ, ಆ ಯಜಮಾನರ ಪಕ್ಕದಲ್ಲೇ ನಿಂತು ಹೇಳಿದ: "ಸಾ, ಅವತ್ತು ನಾನ್ ಹೇಳಿದ್ದು ಸುಳ್ಳು. ಮಳೆ ಬಂದ್ರೆ ನಂಗೆ ಕೆಲಸ ಇಲ್ಲ. ಸಿಮೆಂಟ್ ಸಿಗದಿದ್ರೂ ಇಲ್ಲ. ಮನೇಲಿ ಹೆಂಗಸ್ರು ಊದ್‌ಬತ್ತಿ ಹೊಸೆದ್ರೇ ನಾನು ಉಣ್ಣೋದು. ದಯವಿಟ್ಟು ಇರೋದನ್ನ ಬರ್ಕೊಳ್ಳಿ. ನನ್ ಮಗಳು ಟೀಚರ್ ಆಗ್ತಾಳೆ." ಯಜಮಾನರು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿ, ಸ್ಕೂಟರು ಒದ್ದು ಹೊರಟುಹೋದರು. "ಒಂದೈದು ನಿಮಿಷ ತಡಿಬಾರ್ದಿತ್ತೇನಯ್ಯಾ" ಎಂದರು ಅಕೌಂಟೆಂಟರು, ಮೆತ್ತಗೆ, ಪೆನ್ನು ಮತ್ತೆ ತೆಗೆಯುತ್ತ. ಅಪ್ಪ ಹೆಬ್ಬೆಟ್ಟು ಒತ್ತಿದ. ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಬಿಗಿದ ಸಾರುವೆ ಮರದ ತುದಿಯಲ್ಲಿ ಅವನು ನಡೆಯುವುದನ್ನು ನೋಡಿದ್ದೆ. ಅವತ್ತಿನಷ್ಟು ಎತ್ತರದಲ್ಲಿ ಅವನನ್ನು ಎಂದೂ ನೋಡಿರಲಿಲ್ಲ.

ಬನಶಂಕರಿಯ ಮನೆಯ ಕೆಲಸ ಬೇರೆ ಮೇಸ್ತ್ರಿಗೆ ಹೋಯಿತು. ಮಳೆಗಾಲವೆಲ್ಲ ಅಪ್ಪ ಇನ್ನೊಬ್ಬರ ಕೈಕೆಳಗೆ ಕೂಲಿಗೆ ನಿಂತ. ಯುಗಾದಿಯ ಹೊತ್ತಿಗೆ ಸ್ಟೈಫಂಡು ಬಂತು, ನಾಲ್ಕು ತಿಂಗಳದ್ದು ಒಟ್ಟಿಗೆ. ಅಮ್ಮ ಅದನ್ನು ದೇವರ ಮುಂದಿಟ್ಟು ಕೈಮುಗಿದು, ಸರ್ಕಾರಕ್ಕೋ ದೇವರಿಗೋ ತಿಳಿಯದಂತೆ, "ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದಳು. ಅಕ್ಕ ಒಂದು ಡಬ್ಬ ಸೀಮೆಸುಣ್ಣ ತಂದು, ಅವತ್ತು ಸಂಜೆ ಇನ್ಸ್‌ಪೆಕ್ಟರನ್ನೇ ಚಾಪೆಗೆ ಎಳೆದು ತಂದಳು. "ಈ ವಯಸ್ಸಲ್ಲಿ ಏನಮ್ಮಾ ನಂದು" ಎಂದು ಅಪ್ಪ ನಾಚಿ ಕೆಂಪಾದ. ಇಟ್ಟಿಗೆಯ ಸಾಲನ್ನು ಕೂದಲೆಳೆಯಷ್ಟು ಓರೆಯಾಗದಂತೆ ಕಟ್ಟುವ ಕೈ 'ಮು' ಬರೆಯಲು ಒಂದು ವಾರ ಹೆಣಗಿತು. ಎರಡನೆಯ ವರ್ಷದ ಅರ್ಜಿಗೆ ಮತ್ತೆ ಅದೇ ಚಾವಡಿ, ಅದೇ ಜಗಲಿ. ಅಕೌಂಟೆಂಟರು ಮಸಿಯ ಪ್ಯಾಡು ಮುಂದೆ ತಳ್ಳಿದರು. ಅಪ್ಪ ಅದನ್ನು ಅವರ ಕಡೆಗೇ ಸರಿಸಿ, "ಪೆನ್ನು ಕೊಡಿ ಸಾ" ಎಂದ.

ಅಕ್ಕ ಮೂವತ್ತೈದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದಳು. ಪ್ರತಿ ವರ್ಷ ಮನೆಗೆ ಸುಣ್ಣ ಹೊಡೆದರೂ ಅಪ್ಪ ಕರೀ ಗೋಡೆಯನ್ನು ಮುಟ್ಟಗೊಡಲಿಲ್ಲ. ಅದಕ್ಕೆ ತಾನೇ ಗರಗ ಬಳಿದು, ಒಣಗಿದ ಮೇಲೆ ಮೂಲೆಯಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ ತನ್ನ ಹೆಸರು ಬರೆದು ನೋಡುತ್ತಿದ್ದ, ಬೋರ್ಡು ಹಿಡಿದಿದೆಯೇ ಎಂದು ಪರೀಕ್ಷೆ. ಹಾಗೆ ಕೊನೆಯ ಸಲ ಬರೆದ ವರ್ಷವೇ ತೀರಿಕೊಂಡ. ಅಮ್ಮನೂ ಹೋದಳು. ಈಗ ಆ ಮನೆಯಿದ್ದ ಜಾಗದಲ್ಲಿ ಐದು ಅಂತಸ್ತು ಎದ್ದಿದೆ. ಗರಗ ಬೆಳೆಯುತ್ತಿದ್ದ ಕೆರೆಯ ಬದಿಯನ್ನು ಹುಡುಕಿದರೂ ಸಿಗದು. ಮನೆ ಕೆಡವುವ ದಿನ, ಆಗಷ್ಟೇ ರಿಟೈರಾಗಿದ್ದ ಅಕ್ಕ ಕೆಲಸದವರಿಗೆ, "ಹತ್ತು ನಿಮಿಷ ಇರ್ರಪ್ಪ" ಎಂದು ಒದ್ದೆ ಬಟ್ಟೆ ಹಿಡಿದು ಒಳಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ನೆಲ ಖಾಲಿ, ಗೋಡೆ ಕಪ್ಪಗೆ, ಮೂಲೆಯಲ್ಲಿ ಸ್ವಲ್ಪ ಓರೆಯಾಗಿ ಮುನಿಯಪ್ಪ ಎಂಬ ನಾಲ್ಕು ಅಕ್ಷರ. ಅವಳು ಬಟ್ಟೆ ಎತ್ತಿದಳು. ಆ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಅಷ್ಟು ವರ್ಷಗಳಲ್ಲಿ ಅದೊಂದೇ ಸಲ, ಬೋರ್ಡು ಒರೆಸದೆ ಹೊರಗೆ ಬಂದಳು.