ಅತ್ತೆಯವರ ಖಳನಟ, ನನ್ನ ಕ್ರಿಕೆಟ್ಟು

ನಮ್ಮ ತಂಡ ಸೋತರೆ ನಾನು ಫೋನು ಬಂದ್ ಮಾಡಿ ಮುಸುಕೆಳೆದು ಮಲಗುತ್ತಿದ್ದೆ. ಮರುದಿನ ಬೇಗಂಪೇಟೆಯ ಕಚೇರಿಯಲ್ಲಿ ಯಾರಾದರೂ ಮ್ಯಾಚಿನ ಮಾತೆತ್ತಿದರೆ ಸಿಡುಕುತ್ತಿದ್ದೆ. ಐವತ್ತು ದಾಟಿದವನ ಈ ಹುಚ್ಚಿಗೆ ಹೆಂಡತಿ ಬೈದೂ ಬೈದೂ ಸುಮ್ಮನಾಗಿದ್ದಳು.

ಹೋದ ಬೇಸಿಗೆಯಲ್ಲಿ ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಾಯಚೂರಿನಿಂದ ಮಿಯಾಪುರದ ನಮ್ಮ ಫ್ಲ್ಯಾಟಿಗೆ ಬಂದರು. ಇನ್ನು ಟಿವಿ ನೋಡಬಹುದು ಎಂದು ಡಾಕ್ಟರು ಹೇಳಿದ ದಿನವೇ ಅವರು ಕೇಳಿದ್ದು ಹಳೆಯ ಕಪ್ಪು-ಬಿಳುಪು ಸಿನಿಮಾಗಳನ್ನು. ಅದೂ ಒಬ್ಬ ಹಿರಿಯ ಖಳನಟ ಇರುವಂಥವನ್ನು.

"ಅವ ಇದ್ರ ಸಾಕ್ರಿ. ಹೀರೋ ಯಾರಿದ್ರೂ ನಡೀತೈತಿ" ಅಂದರು.

ಚಿಕ್ಕವನಿದ್ದಾಗ ನಾನು ಆ ನಟನನ್ನು ಮನಸಾರೆ ದ್ವೇಷಿಸಿದ್ದೆ. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕೂತು, ಅವನ ಮುಖ ಕಂಡರೆ ಸಾಕು, ಗಂಟಲು ಹರಿಯುವಂತೆ ಬೈಯುತ್ತಿದ್ದೆ. ಈಗ ಭಾನುವಾರದ ಮಧ್ಯಾಹ್ನಗಳಲ್ಲಿ ಅತ್ತೆಯವರ ಜೊತೆ ಕೂತು ನೋಡಿದರೆ ಬೇರೆಯದೇ ಮನುಷ್ಯ ಕಂಡ. ಒಂದು ಹೊಡೆದಾಟದಲ್ಲಿ ನಾಯಕನ ಮುಷ್ಟಿ ಅವನ ದವಡೆಯಿಂದ ಗೇಣು ದೂರದಲ್ಲೇ ಹಾದುಹೋಯಿತು. ಆದರೂ ಅವನು ಗಿರಕಿ ಹೊಡೆದು, ಕುರ್ಚಿ ಸಮೇತ ಉರುಳಿದ ರೀತಿಗೆ ನಾನು ನನ್ನ ದವಡೆ ಮುಟ್ಟಿಕೊಂಡೆ.

"ನೋಡಿದ್ರೇನ್ರಿ? ಇವ ಹಿಂಗ ಬೀಳಲಿಲ್ಲಂದ್ರ ಆ ಹೀರೋಗ ಯಾರು ಸೀಟಿ ಹೊಡೀತಿದ್ರು?"

"ಎಲ್ಲಾ ಸಿನಿಮಾದಾಗೂ ಸೋಲ್ತಾನಲ್ರಿ ಅತ್ತಿ. ನಿಮಗ ಬ್ಯಾಸರ ಆಗೂದಿಲ್ಲೇನು?"

"ಸೋಲ್ತಾನಂತ ಗೊತ್ತಿದ್ದ ಹೋಗ್ತಿದ್ದೆ. ಅವನ ಆಟ ಭಾಳ ಚಂದ ಇರ್ತಿತ್ತು."

ಆಗ ನಕ್ಕು ಬಿಟ್ಟೆ. ಮುಂದಿನ ವಾರ ಉಪ್ಪಲ್ ಸ್ಟೇಡಿಯಮ್ಮಿನಲ್ಲಿ ಮಧ್ಯಾಹ್ನದ ಮ್ಯಾಚಿಗೆ ಎರಡು ಟಿಕೆಟ್ ಸಿಕ್ಕವು. ಹೆಂಡತಿಗೆ ಅವತ್ತು ಬೇರೆ ಕೆಲಸ. ಅತ್ತೆಯವರು ಡಾಕ್ಟರು ಕೊಟ್ಟ ಕರಿ ಕನ್ನಡಕ ಏರಿಸಿಕೊಂಡು ತಯಾರಾಗಿಯೇ ಬಿಟ್ಟರು. ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸಿ ಹೋಗಿ ಕೂತೆವು.

ನಮ್ಮ ತಂಡದ ದೊಡ್ಡ ಆಟಗಾರ ಸಿಕ್ಸರಿಗೆಂದು ಎತ್ತಿದ ಚೆಂಡನ್ನು ಎದುರಾಳಿ ಹುಡುಗನೊಬ್ಬ ಬೌಂಡರಿಯ ಹಗ್ಗದ ಪಕ್ಕ ಹಾರಿ ಒಂದೇ ಕೈಯಲ್ಲಿ ಹಿಡಿದುಬಿಟ್ಟ. ಇಡೀ ಸ್ಟ್ಯಾಂಡು ತಣ್ಣಗಾಯಿತು. ಅತ್ತೆಯವರೊಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ಅತ್ತಿ, ಕೂಡ್ರಿ! ಅವ ನಮ್ಮವಲ್ಲ!"

"ಗೊತ್ತೈತ್ರಿ. ಹಿಡದದ್ದು ನೋಡಿದ್ರಿಲ್ಲೋ!"

ಮುಂದಿನ ಸಾಲಿನ ಮೂವರು ತರುಣರು ತಿರುಗಿ, ನೀವು ಯಾರ ಕಡೆಯಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಚಂದಾಗಿ ಆಡಿದವರ ಕಡೆ ಎಂದು ಇವರು ತಮ್ಮ ರಾಯಚೂರಿನ ತೆಲುಗಿನಲ್ಲಿ ಹೇಳಿದಾಗ ಆ ಸಾಲಿಗೆ ಸಾಲೇ ನಕ್ಕಿತು. ನಾನು ನಾಚಿಕೆಯಿಂದ ಮೈದಾನದ ಕಡೆ ಕಣ್ಣು ಹೊರಳಿಸಿದೆ. ಆ ಹುಡುಗ ಹುಲ್ಲು ಮೆತ್ತಿದ ಮೊಣಕೈಯನ್ನು ನೋಡಿಕೊಳ್ಳುತ್ತ, ತನಗೇ ನಂಬಿಕೆಯಿಲ್ಲದವನಂತೆ ನಗುತ್ತಿದ್ದ. ಇಷ್ಟು ವರ್ಷ ಎದುರಾಳಿಗಳ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡುತ್ತ ನೋಡುತ್ತ ನಾನೂ ಚಪ್ಪಾಳೆ ತಟ್ಟಿದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

ಕೊನೆಯ ಓವರಿನಲ್ಲಿ ನಾವು ಸೋತೆವು. ಎಂದಿನ ಸಂಕಟಕ್ಕಾಗಿ ಕಾದೆ. ಅದು ಬರಲೇ ಇಲ್ಲ. ಹೊರಗಿನ ಬಂಡಿಯಲ್ಲಿ ಬಿಸಿ ಮಿರ್ಚಿ ಬಜ್ಜಿ ತಿನ್ನುತ್ತಿದ್ದಾಗ ಅತ್ತೆಯವರಿಗೆ ಹೆಂಡತಿಯ ಫೋನು ಬಂತು. ಗಂಡನ ಸ್ಥಿತಿ ಹೇಗಿದೆ ಎಂದು ತಾಯಿಯನ್ನು ಕೇಳುತ್ತಿದ್ದಳು.

"ಎರಡನೇ ಪ್ಲೇಟ್ ತಿನ್ನಾಕತ್ತಾರವ್ವ" ಅಂದರು ಅತ್ತೆಯವರು.

ವಾಪಸು ಬರುವಾಗ ಆ ಮೂವರು ತರುಣರೂ ನಮ್ಮ ಮೆಟ್ರೋ ಡಬ್ಬಿಯನ್ನೇ ಹತ್ತಿದರು. ಒಬ್ಬ ಅತ್ತೆಯವರಿಗೆ ಸೀಟು ಬಿಟ್ಟುಕೊಟ್ಟ. ಆ ಕ್ಯಾಚಿಗೆ ಹುಡುಗ ಎಡಗಾಲು ಊರಿ ಹಾರಿದನೋ ಬಲಗಾಲೋ ಎಂದು ಶುರುವಾದ ವಾದದಲ್ಲಿ ನಾನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದೆ. ಅಮೀರ್‌ಪೇಟೆಯಲ್ಲಿ ಅವರೂ ನಮ್ಮ ಜೊತೆಗೇ ಗಾಡಿ ಬದಲಿಸಿದರು. ಮಿಯಾಪುರ ಬಂದಾಗಲೂ ವಾದ ಮುಗಿದಿರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಇನ್ನೂ ಹತ್ತು ನಿಮಿಷ ನಿಂತೆವು.