ಕಾಗದ ಕೇಳುವ ಎಮ್ರಿಸ್
ಸ್ವಾನ್ಸಿ ಊರಿನ ಪಾದ್ರಿ ಕಾರಿಗೆ ಹೊಸ ರಿಮೋಟ್ ಕೀ ಮಾಡಿಸಿಕೊಂಡು ವರ್ಷವಾಯಿತು, ಎಮ್ರಿಸ್‌ನ ಕೂಲಿ ಇನ್ನೂ ಕೊಟ್ಟಿಲ್ಲ. ಗಾಡಿ ತನ್ನದೇ ಎಂಬುದಕ್ಕೆ ಕಾಗದ ಕೇಳಿದನೆಂದು ಪಾದ್ರಿಗೆ ಸಿಟ್ಟು. "ದೇವರು ನಂಬ್ತಾನೆ ಸ್ವಾಮಿ, ನನಗೆ ಕಾಗದ ತೋರ್ಸಿ" ಅಂದಿದ್ದನಂತೆ ಎಮ್ರಿಸ್. ಕೀ ಮಾಡುವ ಈ ಮನುಷ್ಯ ಮಳೆಯಲ್ಲಿ ನೆನೆಯುತ್ತ ನಿಂತವರನ್ನೂ ಬಿಡುವುದಿಲ್ಲ, ಸ್ವಂತ ಅತ್ತೆಯನ್ನೂ ಬಿಟ್ಟಿಲ್ಲ. ಕೀ ಹತ್ತಿರ ಬಂದರೆ ಸಾಕು, ತಾನಾಗಿ ಬಾಗಿಲು ತೆರೆಯುವ ಕಾರುಗಳನ್ನು ಕಂಡರೆ "ಇವು ಕಳ್ಳನಿಗೂ ಸಲಾಮು ಹೊಡೀತವೆ" ಎಂದು ಉಗಿಯುತ್ತಾನೆ. ಕೀಯ ಸಿಗ್ನಲ್ಲು ಕಳ್ಳನಿಗೆ ಸಿಗದಿರಲೆಂದು ತನ್ನ ಕಾರಿನ ಕೀಯನ್ನು ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಮುಚ್ಚಿಟ್ಟೇ ಮಲಗುತ್ತಾನೆ. ಊರು ನಗುತ್ತದೆ. ಕಳೆದ ಮಾರ್ಚಿನಲ್ಲಿ ಒಬ್ಬ ಬಂದು, "ಹೆಂಡತಿ ಕಾರು, ಕೀ ಕಳ್ಕೊಂಡಿದ್ದಾಳೆ, ಬೇಗ ಇನ್ನೊಂದು ಮಾಡ್ಕೊಡು ಮಾರಾಯ" ಎಂದು ಎರಡರಷ್ಟು ಹಣ ಚಾಚಿದ. "ಹಾಗಾದ್ರೆ ಕಾಗದದ ಜೊತೆ ಅವಳನ್ನೇ ಕರ್ಕೊಂಡು ಬಾ" ಎಂದು ಎಮ್ರಿಸ್ ಅವನನ್ನು ಅಟ್ಟಿದ. ಮೂರನೇ ದಿನ ಆ ಹೆಂಡತಿ ಕೆರಿಸ್ ಒಬ್ಬಳೇ ಅದೇ ಕಾರಿನಲ್ಲಿ ಬಂದಳು; ಕಣ್ಣ ಕೆಳಗೆ ಕಪ್ಪುಗಟ್ಟಿದ ಏಟು, ಹಿಂದಿನ ಸೀಟಿನಲ್ಲಿ ಮಗು ಮತ್ತು ಬಟ್ಟೆಯ ಗಂಟು. "ತಪ್ಪಿಸ್ಕೊಂಡು ಬರೋಕೆ ಅಂತ ಕೀ ನಾನೇ ಬಚ್ಚಿಟ್ಟಿದ್ದೆ. ನೀನು ಅವನಿಗೆ ಇನ್ನೊಂದು ಮಾಡ್ಕೊಟ್ಟಿದ್ರೆ ಕಾರು ಅವನ ಕೈಗೆ ಹೋಗ್ತಿತ್ತು, ನಾನು ಆ ಮನೇಲೇ ಸಾಯ್ತಿದ್ದೆ" ಎಂದಳು. ಎಮ್ರಿಸ್ ಟೀ ಬಗ್ಗಿಸಿ ಕೊಟ್ಟ. ಅವಳು ತನಗೆ ಇನ್ನೊಂದು ಕೀ ಬೇಕೆಂದಾಗ ಮಾತ್ರ ಕೈ ಚಾಚಿದ: "ಕಾಗದ ತಂದಿದ್ದೀಯಾ ತಾಯಿ?" ನಾಳೆ ನಿಮ್ಮ ಕೀ ಕಳೆದರೆ ನೀವೂ ಅವನ ಮುಂದೆ ನಿಲ್ಲುವವರೇ; ಮುಖ ಸಿಂಡರಿಸದೆ ಕಾಗದ ತೋರಿಸಿ, ಕೂಲಿ ಕೊಟ್ಟು ಬನ್ನಿ.