ಆಯಿ ಪಾಳಿ ಹಚ್ಚಿದ ನಳ

ಯಾದಗಿರಿ ಸ್ಟೇಷನ್ನಿನ ಹಿಂದೆ ರೈಲ್ವೆ ಕ್ವಾರ್ಟರ್ಸಿನ ಎದುರಿಗೆ ಒಂದು ನಳ ಇತ್ತು. ಅದರಿಂದ ಸಾಕಷ್ಟು ದೂರದಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಖಾಲಿ ಕೊಡ ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತಿದ್ದಳು. ಹೆಂಗಸರು ಬರುತ್ತಿದ್ದರು, ತುಂಬಿಕೊಂಡು ಹೋಗುತ್ತಿದ್ದರು. ಆಯಿ ಕುಳಿತೇ ಇದ್ದಳು. ಪಕ್ಕದಲ್ಲಿ ನಾನಿದ್ದೆ. ನಮ್ಮಿಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ನಿಜಾಮನ ಆಳ್ವಿಕೆ ಹೋಗಿ ಕೆಲವೇ ವರ್ಷಗಳಾಗಿದ್ದವು. ಅಪ್ಪನ ತಮ್ಮ, ನಮ್ಮ ಕಾಕಾ, ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಕಾಕಿ ಸುರಪುರದ ಕಡೆಯವಳು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನಕ್ಕೆ ಆಯಿಯೇ ಬರಬೇಕಾಯಿತು. ಬೋರ್ಡು ಓದಲು ಬರುತ್ತದೆಂದು ನನ್ನನ್ನು ಜೊತೆಗೆ ಕಳಿಸಿದರು. ಶಹಾಪುರದ ಕಡೆಯ ನಮ್ಮೂರಿನಿಂದ ಬಂಡಿಯಲ್ಲಿ ಭೀಮಾ ಹೊಳೆಯ ತನಕ, ಹರಗೋಲಿನಲ್ಲಿ ಆಚೆ ದಡಕ್ಕೆ, ಮುಂದೆ ನಡಿಗೆ. ದಾರಿಯಲ್ಲಿ ಓದುವುದಕ್ಕೆ ಒಂದು ಬೋರ್ಡೂ ಸಿಗಲಿಲ್ಲ.

ನಳದ ಹತ್ತಿರ ಗುರುಮಠಕಲ್ ಕಡೆಯ ಒಬ್ಬ ದಪ್ಪನೆಯ ಹೆಂಗಸು ಇದ್ದಳು, ರೈಲಿನ ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಹೆಂಡತಿ. ಅವಳೇ ಕೂಗಿದಳು.

"ಏ ಮುದುಕಿ, ಅಲ್ಲಿ ಕುಂತು ಯಾರ ದಾರಿ ನೋಡಾಕತ್ತಿ? ನೀರೇನು ನಿನ್ನ ಹತ್ರ ನಡಕೋತ ಬರ್ತದೇನು?"

"ಯಾರರ ಹಾಕ್ತಾರೇನಂತ ಕುಂತೀನ್ರಿ," ಅಂದಳು ಆಯಿ.

"ಯಾರ್ ಹಾಕಬೇಕು? ಕೈ ಊರಾಗ ಬಿಟ್ಟು ಬಂದಿಯೇನು? ಪಾಳಿ ಹಚ್ಚು."

ಹೆಂಗಸರು ನಕ್ಕರು. ಆಯಿ ಎದ್ದು ನಿಂತಳು, ಆದರೆ ಮುಂದೆ ಹೆಜ್ಜೆ ಇಡಲಿಲ್ಲ.

"ನಳ ನಾ ಮುಟ್ಟಲೇನ್ರಿ?"

"ಮುಟ್ಟದಿದ್ರ ತಿರುಗತದೇನದು? ಮಂತ್ರ ಹಾಕ್ತಿಯೇನು?"

ನಮ್ಮೂರಿನಲ್ಲಿ ನಮ್ಮ ಕೇರಿಯವರು ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ಕೂರಬೇಕು. ಮೇಲಿನ ಮನೆಗಳ ಹೆಂಗಸರು ಬಂದು ತಮಗೆ ಸೇದಿಕೊಂಡ ಮೇಲೆ ಮನಸ್ಸು ಬಂದರೆ ನಮ್ಮ ಕೊಡಕ್ಕೂ ಎತ್ತಿ ಹೊಯ್ಯುತ್ತಾರೆ. ಇದು ನನಗೆ ಗೊತ್ತಿತ್ತು ಎಂದರೂ ಸರಿ, ಗೊತ್ತಿರಲಿಲ್ಲ ಎಂದರೂ ಸರಿ. ಜಗತ್ತಿನಲ್ಲಿ ನೀರು ಸಿಗುವ ರೀತಿಯೇ ಅದು, ಕೆಲವರು ಸೇದುತ್ತಾರೆ, ಕೆಲವರು ಕಾಯುತ್ತಾರೆ ಎಂದುಕೊಂಡಿದ್ದೆ. ಬಾಯಾರಿದರೆ ನಾವು ಹುಡುಗರು ಹಳ್ಳಕ್ಕೆ ಬಾಯಿ ಹಚ್ಚುತ್ತಿದ್ದೆವು. ಕಾಯುವ ಕೆಲಸ ಹೆಂಗಸರದು.

ಆಯಿಯ ಸರದಿ ಬಂತು. ಬಿಸಿ ಪಾತ್ರೆ ಮುಟ್ಟುವವಳ ಹಾಗೆ ಬೆರಳ ತುದಿಯಿಂದ ನಳ ತಿರುಗಿಸಿದಳು. ಕೊಡ ತುಂಬಿತು, ಹರಿಯಿತು, ಕಾಲಡಿಯೆಲ್ಲ ಕೆಸರಾಯಿತು. ಬಂದ್ ಮಾಡುವುದು ಆಕೆಗೆ ತಿಳಿಯಲಿಲ್ಲವೋ, ಮನಸ್ಸಾಗಲಿಲ್ಲವೋ. ಹಿಂದಿನವರು ಬೈಯತೊಡಗಿದರು. ನಾನು ನಾಚಿಕೆಯಿಂದ ಸತ್ತುಹೋದೆ. ಆಯಿಯ ಮುಖದಲ್ಲಿ ಮಾತ್ರ ಯಾರೋ ಕಪಾಳಕ್ಕೆ ಹೊಡೆದ ಹಾಗೆ ಒಂದು ದಿಗಿಲು.

ಅಲ್ಲಿ ಯಾರೂ ಯಾರ ಕೇರಿಯನ್ನೂ ಕೇಳಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನವಿದೆ. ಕೇಳಿರಬಹುದು, ಬೆನ್ನ ಹಿಂದೆ ಆಡಿಕೊಂಡಿರಬಹುದು. ಆದರೆ ಇದ್ದದ್ದು ಒಂದೇ ನಳ, ನೀರು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಅಷ್ಟರಲ್ಲಿ ಯಾರು ಯಾರೆಂದು ವಿಚಾರಿಸಲು ಪುರುಸೊತ್ತಿರಲಿಲ್ಲ.

ಆ ದಿನದಿಂದ ಆಯಿಯನ್ನು ತಡೆಯಲಾಗಲಿಲ್ಲ. ಕೊಡ, ಬಿಂದಿಗೆ, ಹರವಿ ತುಂಬಿದವು. ಆಮೇಲೆ ಚರಿಗೆ, ಗಂಗಾಳ, ಕೊನೆಗೆ ಕಾಕಾನ ಊಟದ ಡಬ್ಬಿಯೂ ತುಂಬಿತು. ಒಂದೇ ಕೋಣೆಯ ಮನೆ. ಕಾಲಿಟ್ಟಲ್ಲೆಲ್ಲ ನೀರು ತುಳುಕುತ್ತಿತ್ತು.

"ಅತ್ತಿ, ಕೂಸಿನ್ನ ಮಲಗಸಾಕ ಜಾಗ ಇಲ್ಲ," ಅಂದಳು ಕಾಕಿ. "ಬಾಣಂತಿ ನಾನೋ, ಈ ಕೊಡಗೊಳೋ?"

"ನಾಳಿಗೂ ನಳ ಇಲ್ಲೇ ಇರ್ತದಬೇ," ಅಂದ ಕಾಕಾ. "ರೈಲು ಹತ್ತಿ ಮುಂಬಯಿಗಿ ಹೋಗಂಗಿಲ್ಲ."

ಆಯಿ ಕೇಳಿಸಿಕೊಳ್ಳಲಿಲ್ಲ. ಸಂಜೆ ತುಂಬಿದ ಕೊಡವನ್ನು ಬೆಳಿಗ್ಗೆ ಗಿಡದ ಬುಡಕ್ಕೆ ಚೆಲ್ಲಿ ಮತ್ತೆ ಪಾಳಿಗೆ ಹೋಗುತ್ತಿದ್ದಳು.

ನನಗೆ ಊರು ಬೇಕಿತ್ತು. ಇಂಜಿನ್ನಿನ ಹೊಗೆಗೆ ಕೆಮ್ಮು ಹತ್ತಿತ್ತು. ಗೂಡ್ಸ್ ಗಾಡಿ ಹೋದರೆ ಗೋಡೆ ನಡುಗುತ್ತಿತ್ತು. ಊರಲ್ಲಿ ನನ್ನ ಕುರಿಮರಿ ಇತ್ತು, ಹಳ್ಳ ಇತ್ತು. ಬಿತ್ತನೆ ಹತ್ತಿರ ಬಂದಾಗ ನಮ್ಮನ್ನು ಕರೆದೊಯ್ಯಲು ಅಪ್ಪ ಬಂದ. ನಾನು ಅಂಗಿ ಮಡಚಿಟ್ಟು ಮೊದಲೇ ಬಾಗಿಲಲ್ಲಿ ಕುಳಿತಿದ್ದೆ.

"ನಡಿಯವ್ವ, ಬಿತ್ತಗಿ ಬಂತು," ಅಂದ ಅಪ್ಪ.

"ನೀವು ನಡೀರಿ. ನಾ ಬರಂಗಿಲ್ಲ."

ಅಪ್ಪ ನಕ್ಕ. ಆಯಿ ನಗಲಿಲ್ಲ. ಊರು ಅಂದರೆ ಆಯಿ, ಆಯಿ ಅಂದರೆ ಊರು ಎಂದು ತಿಳಿದವನು ನಾನು.

"ಇಲ್ಲೇನದ?" ಅಂದ ಅಪ್ಪ. "ಕಾಲು ಚಾಚಿದ್ರ ಗ್ವಾಡಿಗಿ ಬಡೀತಾವ. ಊರಾಗ ಮನಿ ಅದ, ಹೊಲ ಅದ, ಚಲೋ ಗಾಳಿ ಅದ."

"ಗಾಳಿ ಯಾರೂ ಎತ್ತಿ ಹಾಕಬೇಕಾಗಿಲ್ಲಲ್ಲ, ಅದಕ್ಕ ಸಿಗತದ."

"ಈಗ ಕಾಯ್ದೆ ಬಂದದಬೇ. ಬಾವಿ ಎಲ್ಲಾರಿಗೂ ಅಂತ ಸಾಹೇಬರು ಊರಿಗಿ ಬಂದು ಹೇಳಿ ಹೋಗ್ಯಾರ."

"ಹೇಳಿ ಹೋಗ್ಯಾರ, ಗೌಡರ ಮನ್ಯಾಗ ಚಾ ಕುಡದು. ನೀ ಹಗ್ಗ ಮುಟ್ಟಿಯೇನು?"

ಅಪ್ಪ ಕಟ್ಟಿದ್ದ ಬುತ್ತಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ.

ಈ ಮಾತುಗಳು ನಡೆದವೇ? ಕಾಕಾ ಇರುವ ತನಕ ಇಲ್ಲವೆಂದೇ ಹೇಳುತ್ತಿದ್ದ. ಅವನ ಪ್ರಕಾರ ಆಯಿ 'ಬರಂಗಿಲ್ಲ' ಎಂದಷ್ಟೇ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊರಲ್ಲಿ ಎಲ್ಲರೂ ಬೇರೆಯೇ ಹೇಳುತ್ತಾರೆ: ಆಕೆಗೆ ಮೊಣಕಾಲು ನೋವಿತ್ತು, ರೈಲ್ವೆ ದವಾಖಾನೆಯ ಔಷಧಿಗಾಗಿ ಉಳಿದಳು. ಹಗ್ಗದ ಮಾತನ್ನು ನಾನು ಕಾಲೇಜಿಗೆ ಹೋದ ಮೇಲೆ ಯಾವುದೋ ಸಭೆಯಲ್ಲಿ ಕೇಳಿ ಆಯಿಯ ಬಾಯಿಗೆ ತುರುಕಿದ್ದರೂ ತುರುಕಿರಬಹುದು. ಓದಿದವರು ತಮ್ಮ ಅಜ್ಜಿಯರಿಂದ ಇಂಥ ಕೆಲಸ ಬಹಳ ಮಾಡಿಸುತ್ತಾರೆ. ಕೋಣೆಯ ತುಂಬ ನಿಂತಿದ್ದ ನೀರು ಮಾತ್ರ ನನ್ನ ಕಲ್ಪನೆಯಲ್ಲ. ರಾತ್ರಿ ಹೊರಳಿದರೆ ಬೆನ್ನಿಗೆ ತಣ್ಣನೆಯ ಹಿತ್ತಾಳೆ ತಾಗುತ್ತಿತ್ತು. ಮೊಣಕಾಲು ನೋವಿನವಳು ಅಷ್ಟು ಕೊಡ ಹೊತ್ತದ್ದು ಹೇಗೆ?

ಮುಂದೆ, ಓದು ಮುಗಿಸಿದ ಮೇಲೆ, ಕೆಲವು ತಿಂಗಳು ಪರದೇಶದ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಏಕೆ ಬರುತ್ತಾರೆ ಎಂಬುದೇ ಅಲ್ಲಿ ನನ್ನ ವಿಷಯ. ಕಿಟಕಿಯ ಹೊರಗೆ ಹುಲ್ಲಿಗೆ ಕುಡಿಯುವ ನೀರು ಚಿಮ್ಮುತ್ತಿತ್ತು, ಮಳೆ ಬರುವಾಗಲೂ. ನಾನು ಬಾಯಿ ತೆರೆದು ನಿಂತದ್ದನ್ನು ಕಂಡು ಅಲ್ಲಿಯ ಸಹೋದ್ಯೋಗಿಯೊಬ್ಬ, ನಿಮ್ಮ ಹಳ್ಳಿಯಲ್ಲಿ ನೀರಿಗೆ ಬರವಿತ್ತೇ ಎಂದು ಮರುಕದಿಂದ ಕೇಳಿದ. ಇಲ್ಲ, ಬಾವಿ ತುಂಬ ನೀರಿತ್ತು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ನಾನೂ ಮುಂದುವರಿಯಲಿಲ್ಲ.

ಆ ಬಿತ್ತನೆಗೆ ಆಯಿ ನಮ್ಮ ಜೊತೆ ಬರಲಿಲ್ಲ. ಅಪ್ಪ, ನಾನು ಇಬ್ಬರೇ ಹೊಳೆ ದಾಟಿದೆವು.

ಮರುದಿನ ಬೆಳಿಗ್ಗೆ ಊರಲ್ಲಿ ನನ್ನ ಅವ್ವ ಕೊಡ ಎತ್ತಿಕೊಂಡಾಗ ಕುರಿಮರಿಯನ್ನು ಬಿಟ್ಟು ನಾನು ಅವಳ ಹಿಂದೆ ಹೋದೆ. ಏಕೆ ಹೋದೆನೋ ತಿಳಿಯದು. ಅವ್ವ ಬಾವಿಕಟ್ಟೆಯ ಕೆಳಗೆ ಆಯಿ ಕೂರುತ್ತಿದ್ದ ಜಾಗದಲ್ಲೇ ಕುಳಿತಳು. ಅಲ್ಲಿ ನೆಲ ತಗ್ಗಾಗಿ, ಸಾರಿಸಿದ ಹಾಗೆ ನುಣುಪಾಗಿತ್ತು. ಎಷ್ಟು ಜನ ಎಷ್ಟು ಕಾಲ ಕುಳಿತರೆ ನೆಲ ಹಾಗಾಗುತ್ತದೆ? ದಿನಾ ಕಂಡ ಜಾಗ ಅದು. ಅದನ್ನೇ ನೋಡುತ್ತ ನಿಂತೆ.

"ಯಾಕೊ, ಹಂಗ್ಯಾಕ ನೋಡಾಕತ್ತಿ?" ಅಂದಳು ಅವ್ವ. "ಬಾವಿ ನೋಡಿಲ್ಲೇನು?"

ಬಿಸಿಲೇರಿದ ಮೇಲೆ ಗೌಡರ ಸೊಸೆ ಬಂದಳು. ತನ್ನದು ತುಂಬಿಕೊಂಡು, ಕಟ್ಟೆಯ ಮೇಲಿನಿಂದ ಅವ್ವನ ಕೊಡಕ್ಕೆ ಹೊಯ್ದಳು. ಅರ್ಧ ಕೊಡಕ್ಕೆ, ಅರ್ಧ ಅವ್ವನ ಸೆರಗಿಗೆ. ಕೆಟ್ಟವಳೇನಲ್ಲ. ಹೊಯ್ಯುತ್ತಲೇ ವಿಚಾರಿಸಿದಳು.

"ನಿಮ್ಮತ್ತಿ ಬರಲಿಲ್ಲೇನು?"

"ಇಲ್ರಿ. ಯಾದಗಿರ್ಯಾಗೇ ಉಳದಾಳ."

"ಯಾಕ, ಅಲ್ಲೇನದ?"

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಇನ್ನೂ ಅರ್ಧ ಖಾಲಿ ಇದ್ದ ಕೊಡವನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

"ಮೊಣಕಾಲು ನೋವ್ರಿ," ಅಂದಳು.